ಐದು ಲಕ್ಷದ ಕಾರ್ಡ್: ದಾರಿ ಶುರುವಾಗುವುದು ಊರಿನ ಉಪಕೇಂದ್ರದಿಂದ

2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಖಾಸಗಿ ಆಸ್ಪತ್ರೆಗಳ ಕೋವಿಡ್ ಚಿಕಿತ್ಸೆಗೆ ಎರಡು ಬಗೆಯ ದರ ಗೊತ್ತುಮಾಡಿತು. ಸರ್ಕಾರಿ ವ್ಯವಸ್ಥೆಯ ಮೂಲಕ ಬಂದ ರೋಗಿಯಾದರೆ ಸಾಮಾನ್ಯ ವಾರ್ಡಿಗೆ ದಿನಕ್ಕೆ 5,200 ರೂಪಾಯಿ, ವೆಂಟಿಲೇಟರ್ ಸಹಿತ ಐಸಿಯುಗೆ 10,000 ರೂಪಾಯಿ. ಆ ಹಣ ಕಟ್ಟುತ್ತಿದ್ದದ್ದು ಸರ್ಕಾರದ ಆರೋಗ್ಯ ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ತಾವಾಗಿಯೇ ಹೋಗಿ ದಾಖಲಾಗಿ ಕೈಯಿಂದ ಹಣ ಕಟ್ಟುವವರಿಗೆ ಅದೇ ಸೌಲಭ್ಯಕ್ಕೆ ದಿನಕ್ಕೆ 10,000ದಿಂದ 25,000 ರೂಪಾಯಿವರೆಗೆ ಮಿತಿ ಇತ್ತು. ರೋಗ ಅದೇ, ಹಾಸಿಗೆ ಅದೇ. ಯಾವ ಬಾಗಿಲಿನಿಂದ ಒಳಗೆ ಹೋದರು ಎಂಬುದರ ಮೇಲೆ ಮನೆಯ ಸಾಲ ನಿರ್ಧಾರವಾಯಿತು.

ಕೋವಿಡ್ ಇಳಿದು ವರ್ಷಗಳಾದರೂ ಈ ನಿಯಮದ ತಿರುಳು ಬದಲಾಗಿಲ್ಲ. ಇಂದಿನ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲೂ ಸರ್ಕಾರಿ ಆಸ್ಪತ್ರೆಯ ಬಾಗಿಲು ಹಾದು ಹೋದವರಿಗೆ ಒಂದು ಲೆಕ್ಕ, ನೇರವಾಗಿ ಖಾಸಗಿ ಆಸ್ಪತ್ರೆಯ ಮೆಟ್ಟಿಲು ಹತ್ತಿದವರಿಗೆ ಇನ್ನೊಂದು ಲೆಕ್ಕ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಕುಟುಂಬಗಳು ಈ ದಾರಿಯನ್ನು ಕಾಯಿಲೆ ಬರುವ ಮೊದಲೇ ತಿಳಿದುಕೊಂಡಿರಬೇಕು. ಆಸ್ಪತ್ರೆಯ ಕೌಂಟರ್ ಎದುರು ನಿಂತಾಗ ಕಲಿಯಲು ಪುರುಸೊತ್ತು ಇರುವುದಿಲ್ಲ.

ಸರ್ಕಾರಿ ವಿಮೆಯಿಂದ ನಿಜಕ್ಕೂ ಉಪಯೋಗವಾಗುತ್ತದೆಯೇ ಎಂಬ ಅನುಮಾನ ಹಲವರಿಗಿದೆ. ಅದಕ್ಕೆ ಉತ್ತರ ಈ ಭಾಗದ ಹಳ್ಳಿಗಳಿಂದಲೇ ಬಂದಿದೆ. ಬಡ ಕುಟುಂಬಗಳಿಗಾಗಿ ರಾಜ್ಯ ಸರ್ಕಾರ ಹಿಂದೆ ನಡೆಸಿದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಕಲಬುರಗಿ ಮತ್ತು ಬೆಳಗಾವಿ ವಿಭಾಗಗಳಲ್ಲಿ ಜಾರಿಯಾಯಿತು. ಬೆಂಗಳೂರು ವಿಭಾಗದಲ್ಲಿರುವ ಚಿತ್ರದುರ್ಗಕ್ಕೆ ಬಂದದ್ದು 2012ರಲ್ಲಿ. ಅಂದರೆ ಸುಮಾರು ಎರಡು ವರ್ಷ ಬಳ್ಳಾರಿ ಕಡೆಯ ಹಳ್ಳಿಗೆ ಯೋಜನೆ ಇತ್ತು, ಗಡಿ ದಾಟಿದರೆ ದುರ್ಗದ ಕಡೆಯ ಹಳ್ಳಿಗೆ ಇರಲಿಲ್ಲ. ಹೀಗೆ ಗಡಿಯ ಎರಡೂ ಬದಿಯ 572 ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಹೃದ್ರೋಗ, ಕ್ಯಾನ್ಸರ್‌ನಂಥ, ಯೋಜನೆಯಡಿ ಚಿಕಿತ್ಸೆ ಸಿಗುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಾದ ಸಾವು ಯೋಜನೆ ಇದ್ದ ಬದಿಯಲ್ಲಿ ಶೇ 64ರಷ್ಟು ಕಡಿಮೆ ಇತ್ತು. ಆ ಯೋಜನೆಯಲ್ಲಿ ಆಸ್ಪತ್ರೆಯವರು ಹಳ್ಳಿಗಳ ಕಡೆಗೇ ಬಂದು ಶಿಬಿರ ನಡೆಸಿ, ರೋಗಿಗಳನ್ನು ಗುರುತಿಸಿ ಕರೆದೊಯ್ಯುವ ಏರ್ಪಾಡು ಇತ್ತೆಂಬುದನ್ನು ಇಲ್ಲಿ ಮರೆಯಬಾರದು. ವಿಮೆಯ ಹಣ ಬೆಂಗಳೂರಿನಲ್ಲಿ ಕಾದು ಕೂತರೆ ಸಾಲದು, ಊರಿನಲ್ಲಿ ರೋಗಿಯ ಕೈ ಹಿಡಿಯುವವರು ಬೇಕು.

ಕಾರ್ಡ್ ಮಾಡಿಸುವ ಮೊದಲು ಹೆಸರು ನೋಡಿ

ಬಿಪಿಎಲ್ ಅಥವಾ ಅಂತ್ಯೋದಯ ಪಡಿತರ ಚೀಟಿ ಇದ್ದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ಮೊತ್ತದ) ಶೇ 30ರಷ್ಟನ್ನು ಸರ್ಕಾರ ಕಟ್ಟುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಈ ಮೊತ್ತ ಇಡೀ ಕುಟುಂಬಕ್ಕೆ ಸೇರಿದ್ದು, ಆದರೆ ಕಾರ್ಡ್ ಒಬ್ಬೊಬ್ಬರಿಗೂ ಬೇರೆ ಬೇರೆ. ಯಜಮಾನರ ಕಾರ್ಡ್ ಒಂದಿದ್ದರೆ ಎಲ್ಲರಿಗೂ ಆಯಿತೆಂದು ಸುಮ್ಮನಾಗುವ ಮನೆಗಳು ಬಹಳ.

ಗ್ರಾಮ ಒನ್ ಅಥವಾ ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗುವ ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಬೇಕು. ಆಧಾರ್ ಮತ್ತು ಪಡಿತರ ಚೀಟಿ ಎರಡನ್ನೂ ಪಕ್ಕಪಕ್ಕ ಇಟ್ಟು ಪ್ರತಿ ಹೆಸರನ್ನೂ ಓದಿ ನೋಡುವುದು. ದುರ್ಗದ ಸೀಮೆಯಲ್ಲಿ ಮನೆಗೊಬ್ಬ ತಿಪ್ಪೇಸ್ವಾಮಿ ಇರುತ್ತಾರೆ. ಆಧಾರ್‌ನಲ್ಲಿ ‘ತಿಪ್ಪೇಸ್ವಾಮಿ ಎಚ್.’, ಪಡಿತರ ಚೀಟಿಯಲ್ಲಿ ಬರೀ ‘ತಿಪ್ಪೇಶ’. ಹುಟ್ಟಿದ ವರ್ಷ ಒಂದರಲ್ಲಿ 1962, ಇನ್ನೊಂದರಲ್ಲಿ 1968. ಕಂಪ್ಯೂಟರ್ ಇವರಿಬ್ಬರನ್ನೂ ಬೇರೆ ಬೇರೆ ಮನುಷ್ಯರೆಂದು ತಿಳಿಯುತ್ತದೆ. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಚೀಟಿಯಲ್ಲೇ ಇರುತ್ತದೆ, ಮೊಮ್ಮಗುವಿನ ಹೆಸರು ಯಾವುದರಲ್ಲೂ ಇರುವುದಿಲ್ಲ. ಪಡಿತರ ಚೀಟಿಯ ತಿದ್ದುಪಡಿಗೆ ವರ್ಷವಿಡೀ ಅವಕಾಶ ತೆರೆದಿರುವುದಿಲ್ಲವಾದ್ದರಿಂದ, ಅವಕಾಶ ಕೊಟ್ಟಾಗ ಮುಗಿಸಿಕೊಳ್ಳಬೇಕು. ಹೆರಿಗೆ ನೋವು ಬಂದ ದಿನ ಆಹಾರ ಇಲಾಖೆಯ ಕಚೇರಿಗೆ ಅಲೆದಾಡಲು ಆಗುವುದಿಲ್ಲ.

ಚೀಟಿ ಇಂದಿಗೂ ಬಿಪಿಎಲ್ ಆಗಿಯೇ ಇದೆಯೇ ಎಂದೂ ನೋಡಿಕೊಳ್ಳಿ. 2024ರ ನವೆಂಬರ್‌ನಲ್ಲಿ ಚೀಟಿಗಳ ಪರಿಷ್ಕರಣೆಯಾದಾಗ ಅರ್ಹರ ಕಾರ್ಡ್‌ಗಳೂ ಬದಲಾದವೆಂಬ ದೂರು ರಾಜ್ಯದಾದ್ಯಂತ ಕೇಳಿಬಂದು, ಸರ್ಕಾರ ಅವನ್ನು ಮರಳಿಸುವಂತೆ ಹೇಳಬೇಕಾಯಿತು.

ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿದ್ದರೆ ಒಟಿಪಿ ಮೂಲಕ ಇ-ಕೆವೈಸಿ ಬೇಗ ಮುಗಿಯುತ್ತದೆ. ಹೊಲದ ಕೆಲಸದಲ್ಲಿ ಬೆರಳಿನ ಗೆರೆ ಸವೆದ ಹಿರಿಯರಿಗೆ ಬೆರಳಚ್ಚು ಕೂಡುವುದು ಕಷ್ಟ. ಅವರ ಫೋನ್ ನಂಬರ್ ಆಧಾರ್‌ಗೆ ಜೋಡಿಸಿಟ್ಟರೆ ತೊಂದರೆ ತಪ್ಪುತ್ತದೆ. ಹಳೆಯ ಆರೋಗ್ಯ ಕರ್ನಾಟಕ ಕಾರ್ಡ್ ಇದ್ದವರೂ ಕೇಂದ್ರ ಮತ್ತು ರಾಜ್ಯದ ಹೆಸರು ಒಟ್ಟಿಗೆ ಇರುವ ಹೊಸ ಕಾರ್ಡ್ ಮಾಡಿಸಿಕೊಳ್ಳುವುದು ಒಳ್ಳೆಯದು. ಇಷ್ಟರ ನಡುವೆಯೂ ಕಾರ್ಡ್ ಆಗದೆ ಆಸ್ಪತ್ರೆ ಸೇರಬೇಕಾಗಿ ಬಂದರೆ ಎದೆಗುಂದಬೇಕಿಲ್ಲ: ಆಧಾರ್ ಮತ್ತು ಪಡಿತರ ಚೀಟಿ ತೋರಿಸಿ ಆಸ್ಪತ್ರೆಯಲ್ಲೇ ನೋಂದಾಯಿಸಿಕೊಳ್ಳಬಹುದು.

ಮೊದಲ ಬಾಗಿಲು ಊರಿನದ್ದೇ

ಯೋಜನೆಯಲ್ಲಿರುವ 1,650 ಚಿಕಿತ್ಸೆಗಳನ್ನು ಗುಂಪು ಮಾಡಿಟ್ಟಿದ್ದಾರೆ. ಸರಳವಾದ 291 ಚಿಕಿತ್ಸೆಗಳನ್ನು ಸರ್ಕಾರಿ ಆಸ್ಪತ್ರೆಯಲ್ಲೇ ಪಡೆಯಬೇಕು. ಅದಕ್ಕಿಂತ ಕ್ಲಿಷ್ಟವಾದ 254 ಮತ್ತು ಹೃದಯ, ಕ್ಯಾನ್ಸರ್, ಮೂತ್ರಪಿಂಡ ಮುಂತಾದ ದೊಡ್ಡ ಕಾಯಿಲೆಗಳ 900 ಚಿಕಿತ್ಸೆಗಳನ್ನು ಮೊದಲು ಸರ್ಕಾರಿ ಆಸ್ಪತ್ರೆಯಲ್ಲೇ ಕೇಳಬೇಕು. ಅಲ್ಲಿ ಸಾಧ್ಯವಿಲ್ಲವೆಂದರೆ ವೈದ್ಯರು ರೆಫರಲ್ ಚೀಟಿ ಕೊಡುತ್ತಾರೆ. ಆ ಚೀಟಿ ಹಿಡಿದು ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೂ ಹೋಗಬಹುದು.

ಹಾಗಾಗಿ ದಾರಿ ಆಶಾ ಕಾರ್ಯಕರ್ತೆಯಿಂದ ಶುರುವಾಗುತ್ತದೆ. ಸುಮಾರು ಸಾವಿರ ಜನರಿಗೆ ಒಬ್ಬರಂತೆ ಇರುವ ಇವರೇ ಕೋವಿಡ್ ದಿನಗಳಲ್ಲಿ ಮನೆ ಮನೆಗೆ ಹೋಗಿ ಜ್ವರ, ಕೆಮ್ಮು ವಿಚಾರಿಸಿದವರು. 2022ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾ ಕಾರ್ಯಕರ್ತೆಯರನ್ನು ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ನೀಡಿ ಗೌರವಿಸಿತು. ಆದರೂ ಅವರಿಗೆ ಸಿಗುತ್ತಿರುವುದು ಸಂಬಳವಲ್ಲ, ಗೌರವಧನ. ಇದು ಸರಿಯಾಗಲೇಬೇಕು. ಇಡೀ ವಿಮಾ ವ್ಯವಸ್ಥೆ ನಿಂತಿರುವುದು ಅವರ ಓಡಾಟದ ಮೇಲೆ.

ಆಶಾ ಅವರ ನಂತರ ಉಪಕೇಂದ್ರ. ಈಗ ಬೋರ್ಡ್ ಮೇಲೆ ‘ಆಯುಷ್ಮಾನ್ ಆರೋಗ್ಯ ಮಂದಿರ’ ಎಂದಿರುತ್ತದೆ. ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ಬಿಪಿ, ಶುಗರ್ ನೋಡಿ ಮಾತ್ರೆ ಕೊಡುತ್ತಾರೆ, ಬೇಕಾದರೆ ಇ-ಸಂಜೀವಿನಿ ಮೂಲಕ ದೂರದ ವೈದ್ಯರೊಂದಿಗೆ ಮಾತನಾಡಿಸುತ್ತಾರೆ. ಅದರ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರ, ಆಮೇಲೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ತಾಲ್ಲೂಕು ಆಸ್ಪತ್ರೆಗಳು, ಕೊನೆಗೆ ದುರ್ಗದ ಜಿಲ್ಲಾಸ್ಪತ್ರೆ. ಚಿತ್ರದುರ್ಗದಲ್ಲಿ 2023ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿರುವುದು ಜಿಲ್ಲೆಯ ಪಾಲಿಗೆ ದೊಡ್ಡ ಸಂಗತಿ. ದಾವಣಗೆರೆಗೋ ಬೆಂಗಳೂರಿಗೋ ಹೋಗಬೇಕಿದ್ದ ಎಷ್ಟೋ ಚಿಕಿತ್ಸೆಗಳು ಮುಂದೆ ಇಲ್ಲೇ ಸಿಗುವ ಭರವಸೆ ಅದರಿಂದ ಮೂಡಿದೆ.

ಚೀಟಿ ಕೈಗೆ ಬಂದಾಗ

ರೆಫರಲ್ ಚೀಟಿಯನ್ನು ಪಡೆದು ಮಡಚಿ ಜೇಬಿಗೆ ಹಾಕುವ ಮುನ್ನ ನಿಂತು ಓದಬೇಕು. ರೋಗಿಯ ಹೆಸರು ಕಾರ್ಡ್‌ನಲ್ಲಿ ಇರುವಂತೆಯೇ ಇದೆಯೇ? ಯಾವ ಕಾಯಿಲೆಗೆ, ಯಾವ ವಿಭಾಗಕ್ಕೆ ಕಳುಹಿಸಿದ್ದಾರೆ? ಸಹಿ, ಮೊಹರು, ದಿನಾಂಕ ಇವೆಯೇ? ರೆಫರಲ್ ಆನ್‌ಲೈನ್‌ನಲ್ಲಿಯೂ ದಾಖಲಾಗಿದೆಯೇ ಎಂದು ಸಿಬ್ಬಂದಿಯನ್ನು ಕೇಳಿ ಖಚಿತಪಡಿಸಿಕೊಳ್ಳಿ. ಚೀಟಿಯನ್ನೂ ಇಸಿಜಿ, ಸ್ಕ್ಯಾನಿಂಗ್, ರಕ್ತ ಪರೀಕ್ಷೆಯ ವರದಿಗಳನ್ನೂ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಹೆಚ್ಚಿನವರು ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. ಒಂದು ಆಸ್ಪತ್ರೆ ಯೋಜನೆಯಲ್ಲಿದೆ ಎಂದರೆ ಅಲ್ಲಿನ ಎಲ್ಲ ವಿಭಾಗಗಳೂ ಯೋಜನೆಯಲ್ಲಿವೆ ಎಂದಲ್ಲ. ಮೂಳೆ ವಿಭಾಗಕ್ಕೆ ನೋಂದಣಿ ಇರುವ ಕಡೆ ಹೃದಯದ ಚಿಕಿತ್ಸೆಗೆ ಇಲ್ಲದಿರಬಹುದು. ಬಸ್ ಹತ್ತುವ ಮೊದಲೇ 104ಕ್ಕೆ ಅಥವಾ ಟ್ರಸ್ಟ್‌ನ 1800 425 8330 ಸಂಖ್ಯೆಗೆ ಕರೆ ಮಾಡಿ, ‘ಈ ಆಸ್ಪತ್ರೆಯಲ್ಲಿ ಈ ಚಿಕಿತ್ಸೆಗೆ ಕಾರ್ಡ್ ನಡೆಯುತ್ತದೆಯೇ?’ ಎಂದು ಕೇಳಿ. ಬೆಂಗಳೂರಿಗೇ ಹೋಗಬೇಕಾದರೆ ಹೃದಯಕ್ಕೆ ಜಯದೇವ, ಕ್ಯಾನ್ಸರ್‌ಗೆ ಕಿದ್ವಾಯಿ, ಮೆದುಳು–ನರಕ್ಕೆ ನಿಮ್ಹಾನ್ಸ್ ಇವೆ. ದುರ್ಗದಿಂದ ಇನ್ನೂರು ಕಿಲೋಮೀಟರ್ ಹೋಗಿ ಒಂದು ಕಾಗದಕ್ಕಾಗಿ ವಾಪಸ್ ಬರುವ ಕಷ್ಟ ರೋಗಿಗೂ ಬೇಡ, ಜೊತೆಗಿದ್ದವರಿಗೂ ಬೇಡ.

ಈ ರೆಫರಲ್ ನಿಯಮ ಬಡವರಿಗೆ ಅಡ್ಡಿಯೆಂಬ ಮಾತಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತಜ್ಞರ ಹುದ್ದೆ ಖಾಲಿ ಇದ್ದಾಗ ಅದು ನಿಜವೂ ಹೌದು. ಆದರೆ ನಿಯಮ ತೆಗೆದುಹಾಕಿದರೆ ಹಣ ದೊಡ್ಡ ಊರಿನ ಖಾಸಗಿ ಆಸ್ಪತ್ರೆಗಳ ಕಡೆಗೇ ಹರಿದು, ಹತ್ತಿರದ ಸರ್ಕಾರಿ ಆಸ್ಪತ್ರೆ ಇನ್ನಷ್ಟು ಸೊರಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿದ ಚಿಕಿತ್ಸೆಗೂ ಟ್ರಸ್ಟ್ ಹಣ ಕೊಡುತ್ತದೆ. ಊರಿನವರು ಹೆಚ್ಚು ಬಳಸಿದಷ್ಟೂ ತಾಲ್ಲೂಕು ಆಸ್ಪತ್ರೆಗೆ ಬರುವ ಹಣವೂ ಹೆಚ್ಚುತ್ತದೆ. ಹಾಗಾಗಿ ನಾವು ಒತ್ತಾಯಿಸಬೇಕಾದದ್ದು ನಿಯಮ ತೆಗೆಯಿರಿ ಎಂದಲ್ಲ, ತಜ್ಞರ ಖಾಲಿ ಹುದ್ದೆ ತುಂಬಿ ಎಂದು.

ತುರ್ತಾದರೆ ಚೀಟಿ ಬೇಡ

ತುರ್ತು ಚಿಕಿತ್ಸೆಗಳು 169 ಇವೆ, ಇವಕ್ಕೆ ರೆಫರಲ್ ಬೇಕಿಲ್ಲ. 108ಕ್ಕೆ ಕರೆ ಮಾಡಿ, ಯೋಜನೆಯಲ್ಲಿರುವ ಹತ್ತಿರದ ಆಸ್ಪತ್ರೆಗೆ ನೇರವಾಗಿ ಹೋಗಬಹುದು.

ಎದೆನೋವು ಬಂದವರನ್ನು ಕಾರಿನಲ್ಲಿ ಹಾಕಿಕೊಂಡು ದೂರದ ಊರಿಗೆ ಓಡುವ ಬದಲು ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶವೇ ಇದು: ತಾಲ್ಲೂಕು ಮಟ್ಟದಲ್ಲಿ ಇಸಿಜಿ ತೆಗೆದು, ದೊಡ್ಡ ಕೇಂದ್ರದ ತಜ್ಞರ ಸಲಹೆ ಪಡೆದು, ರಕ್ತನಾಳದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅನ್ನು ಉಚಿತವಾಗಿ ಅಲ್ಲೇ ಕೊಡುವುದು. ಹಾವು ಕಚ್ಚಿದಾಗಲೂ ಅಷ್ಟೇ, ಮಂತ್ರ–ನಾಟಿ ಮದ್ದಿಗೆಂದು ಅರ್ಧ ಗಂಟೆಯನ್ನೂ ಕಳೆಯಬಾರದು.

ಹಿರಿಯೂರಿನಲ್ಲಿ ಬೆಂಗಳೂರು–ಪುಣೆ ಹೆದ್ದಾರಿಯೂ ಬೀದರ್–ಶ್ರೀರಂಗಪಟ್ಟಣ ರಸ್ತೆಯೂ ಕೂಡುತ್ತವೆ, ಅಪಘಾತದ ಸುದ್ದಿಗೆ ಇಲ್ಲಿ ಬಿಡುವಿಲ್ಲ. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇನಲ್ಲಿ ಪ್ರಕಟಿಸಿದೆ. ಬಿಪಿಎಲ್, ಎಪಿಎಲ್ ಎಂಬ ಭೇದ ಅದರಲ್ಲಿಲ್ಲ. ಪೊಲೀಸರಿಗೆ ತಕ್ಷಣ ಮಾಹಿತಿ ಕೊಡುವುದು ಮುಖ್ಯ.

ಆಸ್ಪತ್ರೆಯೊಳಗೆ ಮೊದಲ ಭೇಟಿ ಆರೋಗ್ಯಮಿತ್ರರದ್ದು

ಯೋಜನೆಯಲ್ಲಿರುವ ಆಸ್ಪತ್ರೆಗಳಲ್ಲಿ ಕಾರ್ಡ್ ಇದ್ದವರಿಗೆ ನೆರವಾಗುವ ಆರೋಗ್ಯಮಿತ್ರರು ಕೂರುವ ಮೇಜು ಇರುತ್ತದೆ. ಅಡ್ವಾನ್ಸ್ ಕಟ್ಟುವ ಮೊದಲು ಅವರನ್ನು ಹುಡುಕಿ ಕಾರ್ಡ್ ಮತ್ತು ಚೀಟಿ ಕೊಡಿ. ಅವರ ಮೂಲಕ ಟ್ರಸ್ಟ್‌ನ ಪೂರ್ವಾನುಮತಿ ಬರಬೇಕು. ಪ್ಯಾಕೇಜ್ ಎಂದರೆ ಹಾಸಿಗೆ, ಶಸ್ತ್ರಚಿಕಿತ್ಸೆ, ಔಷಧಿ, ಪರೀಕ್ಷೆ, ಊಟ ಎಲ್ಲ ಸೇರಿದ್ದು. ‘ಈ ಸ್ಟೆಂಟ್ ಪ್ಯಾಕೇಜ್‌ನಲ್ಲಿ ಬರಲ್ಲ, ಹೊರಗಿಂದ ತನ್ನಿ’ ಎಂದು ಯಾರಾದರೂ ಹೇಳಿದರೆ, ‘ಅದನ್ನೇ ಬರೆದು ಸಹಿ ಮಾಡಿಕೊಡಿ ಸರ್’ ಎಂದು ವಿನಯದಿಂದ ಕೇಳಿ. ಅನಿವಾರ್ಯವಾಗಿ ಹಣ ಕೊಟ್ಟರೂ ರಸೀದಿ ಬಿಡಬೇಡಿ. ರಸೀದಿಯೊಂದಿಗೆ 1800 425 8330ಕ್ಕೆ, ಇಲ್ಲವೇ ದುರ್ಗದ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿ ಕಚೇರಿಗೆ ದೂರು ಕೊಡಬಹುದು.

ಹೊರರೋಗಿಯಾಗಿ ತೋರಿಸಿಕೊಂಡು ಬರುವ ಖರ್ಚು ಈ ಕಾರ್ಡ್‌ನಲ್ಲಿ ಬರುವುದಿಲ್ಲ. ತಿಂಗಳು ತಿಂಗಳು ಶುಗರ್ ಮಾತ್ರೆಗೆ ಔಷಧಿ ಅಂಗಡಿಯಲ್ಲಿ ಸುರಿಯುವ ಹಣವೇ ಅನೇಕ ಮನೆಗಳನ್ನು ಬಡವಾಗಿಸುತ್ತಿರುವಾಗ, ಇದು ಯೋಜನೆಯ ದೊಡ್ಡ ಕೊರತೆ. ಸದ್ಯಕ್ಕೆ ಅದಕ್ಕಿರುವ ಪರಿಹಾರ ಉಪಕೇಂದ್ರದ ಉಚಿತ ಮಾತ್ರೆ.

ಡೇರಿ ಸದಸ್ಯರಿಗೆ ಯಶಸ್ವಿನಿ

ಹಾಲು ಉತ್ಪಾದಕರ ಸಂಘ, ಕೃಷಿ ಪತ್ತಿನ ಸಂಘಗಳ ಸದಸ್ಯರಿಗೆ ಇನ್ನೊಂದು ದಾರಿಯಿದೆ. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ವಿಲೀನವಾಗಿ, 2023ರ ಜನವರಿಯಿಂದ ಮತ್ತೆ ಬೇರೆಯಾಗಿ ನಡೆಯುತ್ತಿದೆ. ಮರುಜಾರಿಯಾದಾಗ ಗ್ರಾಮೀಣ ಸಂಘದ ಸದಸ್ಯನಾದರೆ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಹೆಚ್ಚಿನ ಪ್ರತಿ ಸದಸ್ಯರಿಗೆ 100 ರೂಪಾಯಿ ವಂತಿಗೆ ಇತ್ತು. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆಯನ್ನು ಸರ್ಕಾರವೇ ಭರಿಸುತ್ತದೆ. ಚಿಕಿತ್ಸೆಯ ಮಿತಿ 5 ಲಕ್ಷ. ಎಪಿಎಲ್ ಚೀಟಿಯ ಕಾರಣಕ್ಕೆ ಶೇ 30ಕ್ಕೆ ನಿಲ್ಲಬೇಕಾದ ಅಡಿಕೆ, ತೆಂಗು ಬೆಳೆಗಾರರಿಗೆ ಇದು ಹೆಚ್ಚು ಪ್ರಯೋಜನಕಾರಿ. ನೋಂದಣಿಗೆ ಪ್ರತಿ ವರ್ಷ ನಿಗದಿತ ಅವಧಿ ಇರುವುದರಿಂದ ಶಿವಮೊಗ್ಗ ಹಾಲು ಒಕ್ಕೂಟಕ್ಕೆ (ಶಿಮುಲ್) ಹಾಲು ಹಾಕುವವರು ಡೇರಿ ಕಾರ್ಯದರ್ಶಿಯನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಡಿಸ್ಚಾರ್ಜ್ ಆದ ಮೇಲೆ

ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ 15 ದಿನಗಳ ಔಷಧಿ ಪ್ಯಾಕೇಜ್‌ನಲ್ಲೇ ಸೇರಿರುತ್ತದೆ, ಕೇಳಿ ಪಡೆಯಿರಿ. ಹದಿನಾರನೆಯ ದಿನದಿಂದ ರೋಗಿಯನ್ನು ನೋಡಿಕೊಳ್ಳಬೇಕಾದದ್ದು ಊರು. ಡಿಸ್ಚಾರ್ಜ್ ಸಮ್ಮರಿಯ ಒಂದು ಜೆರಾಕ್ಸ್ ಪ್ರತಿಯನ್ನು ಉಪಕೇಂದ್ರಕ್ಕೆ ಕೊಟ್ಟರೆ ಅಲ್ಲಿನವರು ಬಿಪಿ ನೋಡುವುದು, ಮಾತ್ರೆ ತಪ್ಪದಂತೆ ಎಚ್ಚರಿಸುವುದು ಸಾಧ್ಯ. ಕ್ಷಯ ರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ, ಅದಕ್ಕೆ ನೋಂದಾಯಿಸುವುದೂ ಅಲ್ಲಿಂದಲೇ. ಕೋವಿಡ್‌ನಲ್ಲಿ ಮನೆಯವರನ್ನು ಕಳೆದುಕೊಂಡು ಇಂದಿಗೂ ನಿದ್ದೆ ಬಾರದೆ ಒದ್ದಾಡುವವರು ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

2021ರ ಎರಡನೇ ಅಲೆಯಲ್ಲಿ ಗ್ರಾಮ ಪಂಚಾಯ್ತಿ ಕಾರ್ಯಪಡೆಗಳು ಯಾವ ಮನೆಯಲ್ಲಿ ಯಾರಿಗೆ ಜ್ವರ ಎಂದು ಪಟ್ಟಿ ಮಾಡಿದ್ದವು. ಅಂಥದೇ ಪಟ್ಟಿ ಈಗಲೂ ಬೇಕು: ಕಾರ್ಡ್ ಇಲ್ಲದ ಮನೆಗಳು, ದಾಖಲೆಗಳಲ್ಲಿ ಹೆಸರು ಹೊಂದಿಕೆಯಾಗದವರು, ಒಂಟಿ ವೃದ್ಧರು, ಡಯಾಲಿಸಿಸ್‌ಗೆ ವಾರ ವಾರ ಹೋಗುವವರು. ಪ್ರತಿ ಊರಿಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿ ಇದೆ, ಆಶಾ ಕಾರ್ಯಕರ್ತೆ ಅದರಲ್ಲಿದ್ದಾರೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ಸಮಿತಿ ಕೊನೆಯ ಬಾರಿ ಸೇರಿದ್ದು ಯಾವಾಗ, ಕಾರ್ಡ್ ಇಲ್ಲದವರ ಪಟ್ಟಿ ಎಲ್ಲಿ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಪಟ್ಟಿ ಇಲ್ಲವೆಂದರೆ, ಅದೇ ಸಭೆಯ ನಡಾವಳಿಯಲ್ಲಿ ಪಟ್ಟಿ ತಯಾರಿಸುವ ದಿನಾಂಕವನ್ನು ಬರೆಸಿ, ಗ್ರಾಮ ಒನ್‌ನವರನ್ನು ಒಂದು ದಿನ ಶಾಲೆಯ ಬಳಿಯೇ ಕೂರಿಸಿ ಕಾರ್ಡ್ ಮಾಡಿಸುವಂತೆ ಪಿಡಿಒ ಅವರನ್ನು ಒತ್ತಾಯಿಸಬಹುದು.