ನಿಲ್ಲದ ಅಪ್ಪಣೆ

ಮನುಷ್ಯನ ದೇಹದಲ್ಲಿ ಯಾವ ಜೀವಕೋಶವೂ ತನ್ನ ಪಾಡಿಗೆ ತಾನಿರುವುದಿಲ್ಲ. ಬೆಳೆಯಬೇಕೆ, ಎರಡಾಗಿ ಒಡೆಯಬೇಕೆ, ಸುಮ್ಮನಿರಬೇಕೆ ಎಂಬ ಅಪ್ಪಣೆ ಅದಕ್ಕೆ ಹೊರಗಿನಿಂದ ಬರುತ್ತದೆ. ಆ ಅಪ್ಪಣೆಯನ್ನು ಕೋಶದೊಳಗೆ ಕೈಯಿಂದ ಕೈಗೆ ದಾಟಿಸುವ ಕಿಣ್ವಗಳಲ್ಲಿ ಪ್ರೋಟೀನ್ ಕೈನೇಸ್‌ಗಳು ಮುಖ್ಯವಾದವು. ಅವುಗಳ ಕೆಲಸ ನೋಡುವುದಕ್ಕೆ ಅಲ್ಪ. ಎ.ಟಿ.ಪಿ. ಎಂಬ ಅಣುವಿನಿಂದ ಒಂದು ಫಾಸ್ಫೇಟ್ ತುಣುಕನ್ನು ಕಿತ್ತು ಬೇರೊಂದು ಪ್ರೋಟೀನಿಗೆ ಅಂಟಿಸುವುದು, ಅಷ್ಟೇ. ಅಂಟಿದೊಡನೆ ಆ ಪ್ರೋಟೀನಿನ ಆಕಾರ ಬದಲಾಗುತ್ತದೆ. ಮಲಗಿದ್ದುದು ಎಚ್ಚರಗೊಳ್ಳುತ್ತದೆ, ಕೆಲವೊಮ್ಮೆ ಎಚ್ಚರವಾಗಿದ್ದುದು ಮಲಗುತ್ತದೆ. ಕೆಲಸ ಮುಗಿದ ಮೇಲೆ ಫಾಸ್ಫಟೇಸ್ ಎಂಬ ಮತ್ತೊಂದು ಬಗೆಯ ಕಿಣ್ವ ಆ ತುಣುಕನ್ನು ಕಳಚುತ್ತದೆ. ಈ ವ್ಯವಹಾರವನ್ನು 1950ರ ದಶಕದಲ್ಲಿ ಸ್ನಾಯುಗಳಲ್ಲಿ ಕಂಡುಕೊಂಡ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಆದರೆ ಕೈನೇಸ್ ಒಂದು ನಿಲ್ಲದೆ ದುಡಿಯತೊಡಗಿದರೆ ಗತಿಯೇನು?

1960ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಎಂಬವರು ಒಂದು ಬಗೆಯ ರಕ್ತ ಕ್ಯಾನ್ಸರಿನ ರೋಗಿಗಳಲ್ಲಿ ಮೊಟಕಾದ ವರ್ಣತಂತುವೊಂದನ್ನು ಗುರುತಿಸಿದರು. ತುಂಡಾದ ಭಾಗ ಎಲ್ಲಿ ಹೋಯಿತೆಂಬುದು ಹದಿಮೂರು ವರ್ಷ ತಿಳಿಯಲಿಲ್ಲ. ಷಿಕಾಗೋ ನಗರದ ವೈದ್ಯೆ ಜಾನೆಟ್ ರೌಲಿ ವರ್ಣತಂತುಗಳ ಛಾಯಾಚಿತ್ರಗಳನ್ನು ಕತ್ತರಿಸಿ, ಮನೆಯ ಊಟದ ಮೇಜಿನ ಮೇಲೆ ಹರಡಿ, ಜೋಡಿಸಿ ನೋಡುತ್ತಿದ್ದರು. ನೋಡಿದವರಿಗೆ ಇದು ಮಕ್ಕಳಾಟದಂತೆ ತೋರಿದ್ದರೆ ಆಶ್ಚರ್ಯವಿಲ್ಲ. ಅದಕ್ಕೆ ಬೇಕಾದ ತಾಳ್ಮೆ ಮಾತ್ರ ಮಕ್ಕಳಾಟದ್ದಲ್ಲ. 9ನೆಯ ಮತ್ತು 22ನೆಯ ವರ್ಣತಂತುಗಳು ತಮ್ಮ ತುದಿಗಳನ್ನು ಅದಲುಬದಲು ಮಾಡಿಕೊಂಡಿದ್ದುದನ್ನು 1973ರಲ್ಲಿ ಅವರು ತೋರಿಸಿಕೊಟ್ಟರು. ಆ ಬೆಸುಗೆಯ ಜಾಗದಲ್ಲಿ ಎರಡು ಜೀನುಗಳು ಕೂಡಿಕೊಂಡು ಬಿ.ಸಿ.ಆರ್.-ಎ.ಬಿ.ಎಲ್. ಎಂಬ ಹೊಸ ಕೈನೇಸ್ ಹುಟ್ಟುತ್ತದೆಂದು ಮುಂದೆ ತಿಳಿಯಿತು. ಅಪ್ಪಣೆ ಬರಲಿ ಬಾರದಿರಲಿ, ಅದು ಫಾಸ್ಫೇಟನ್ನು ಅಂಟಿಸುತ್ತಲೇ ಇರುತ್ತದೆ. ಬಿಳಿಯ ರಕ್ತಕಣಗಳು ಮಿತಿಮೀರಿ ಹೆಚ್ಚುತ್ತವೆ.

ಶತ್ರು ಯಾರೆಂದು ತಿಳಿದ ಮೇಲೆ ಆಯುಧವನ್ನು ಹುಡುಕಬಹುದಾಯಿತು. ಇಮಾಟಿನಿಬ್ ಎಂಬ ಔಷಧಿಯು ಆ ಕೈನೇಸಿನಲ್ಲಿ ಎ.ಟಿ.ಪಿ. ಕೂರಬೇಕಾದ ಗೂಡಿನಲ್ಲಿ ತಾನೇ ಹೋಗಿ ಕೂರುತ್ತದೆ. ಬ್ರಯಾನ್ ಡ್ರೂಕರ್ ಮತ್ತು ಸಂಗಡಿಗರು 1998ರಲ್ಲಿ ಇದನ್ನು ರೋಗಿಗಳಿಗೆ ಕೊಡತೊಡಗಿದರು. ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ಸೇವಿಸಿದ 54 ಮಂದಿಯಲ್ಲಿ 53 ಮಂದಿಯ ರಕ್ತಕಣಗಳ ಎಣಿಕೆ ಸಹಜಸ್ಥಿತಿಗೆ ಮರಳಿತು. 2001ರಲ್ಲಿ ಅಮೆರಿಕವು ಔಷಧಿಗೆ ಅನುಮತಿ ನೀಡಿತು. ಎಲ್ಲರಲ್ಲೂ ಇದು ಕೊನೆಯವರೆಗೆ ಫಲಿಸುವುದಿಲ್ಲ. ಕೆಲವರಲ್ಲಿ ಕೈನೇಸು ತನ್ನ ಗೂಡಿನ ರೂಪವನ್ನೇ ಬದಲಿಸಿಕೊಂಡು ಔಷಧಿಯನ್ನು ಹೊರಗಿಡುತ್ತದೆ. ಅಂಥವರಿಗಾಗಿ ಬೇರೆ ಔಷಧಿಗಳು ಬಂದಿವೆ.

ಉಳಿದುದು ಬೆಲೆಯ ಪ್ರಶ್ನೆ. ಮೂಲ ಕಂಪನಿಯ ಮಾತ್ರೆಗೆ ಭಾರತದಲ್ಲಿ ತಿಂಗಳಿಗೆ ಲಕ್ಷ ರೂಪಾಯಿಗೂ ಮಿಕ್ಕಿ ವೆಚ್ಚ ತಗಲುತ್ತಿತ್ತು. ಇಲ್ಲಿಯ ಕಂಪನಿಗಳು ಅದೇ ಔಷಧಿಯನ್ನು ಅದರ ಹತ್ತನೆಯ ಒಂದು ಭಾಗದಷ್ಟು ಬೆಲೆಗೆ ಮಾರುತ್ತಿದ್ದವು. ಮೂಲ ಕಂಪನಿ ಕೇಳಿದ ಪೇಟೆಂಟನ್ನು ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 1ರಂದು ನಿರಾಕರಿಸಿತು. ಬಡರೋಗಿಯ ಕೈಗೆ ಮಾತ್ರೆ ತಪ್ಪದಂತಾದುದು ಆ ತೀರ್ಪಿನಿಂದ.