ಟ್ರಾಕ್ಟರು ಉರುಳಿದ ದಿನ ಮಾಡತಕ್ಕ ಕೆಲಸಗಳು



ಕಳೆದ ಮುಂಗಾರಿನ ಆರಂಭದಲ್ಲಿ ನಮ್ಮ ವಲಯದ ರೈತರೊಬ್ಬರ ಟ್ರಾಕ್ಟರು ಗೊಬ್ಬರ ಹೇರಿಕೊಂಡು ಹೋಗುವಾಗ ಕೆರೆಯ ಏರಿಯಿಂದ ಉರುಳಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಮರುದಿನ ಅವರು ನನ್ನನ್ನು ಕಂಡು ಏನು ಮಾಡಲೆಂದು ಕೇಳಿದರು. "ಹದ ಹೋಗುತ್ತದೆ ಯಜಮಾನರೇ, ಮೊದಲು ರಿಪೇರಿ ಮಾಡಿಸಿ. ವಿಮೆಯ ಕಾಗದ ಆಮೇಲೆ ನೋಡೋಣ" ಎಂದೆ. ಅವರು ಹಾಗೆಯೇ ಮಾಡಿದರು. ಹದಿನೈದು ದಿನಗಳ ಮೇಲೆ 60,000 ರೂಪಾಯಿಗಳ ಬಿಲ್ಲು ಹಿಡಿದು ಹೋದಾಗ ಕಂಪನಿಯವರು, "ಕೆಟ್ಟದ್ದನ್ನು ನಾವು ನೋಡಿಲ್ಲ, ಹಣ ಹೇಗೆ ಕೊಡೋಣ?" ಎಂದುಬಿಟ್ಟರು. ಆ ಬಿಲ್ಲು ತೀರಿಸಲು ಯಜಮಾನರು ಕರೆಯುವ ಹಸುವೊಂದನ್ನು ಮಾರಿದರು.

ನಾನು ಬೇಸಾಯ ಓದಿ ಬಂದವನು, ವಿಮೆಯನ್ನು ಓದಿರಲಿಲ್ಲ. ನನ್ನ ಸಲಹೆಯಿಂದ ಇನ್ನೊಬ್ಬರ ಕೊಟ್ಟಿಗೆ ಬರಿದಾಗಬಾರದೆಂದು ಈಗ ಓದಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಪಾಲಿಸಿ ಯಾವುದು?

ಪಾಲಿಸಿಗಳಲ್ಲಿ ಮುಖ್ಯವಾಗಿ ಎರಡು ಬಗೆ. 1988ರ ಮೋಟಾರು ವಾಹನ ಕಾಯಿದೆಯಂತೆ ಕಡ್ಡಾಯವಾದದ್ದು ಮೂರನೆಯವರ ವಿಮೆ. ನಿಮ್ಮ ವಾಹನದಿಂದ ಬೇರೆಯವರಿಗೆ ಆದ ಹಾನಿಗೆ ಮಾತ್ರ ಇದು ಹಣ ಕೊಡುತ್ತದೆ. ನಿಮ್ಮದೇ ಟ್ರಾಕ್ಟರಿನ ರಿಪೇರಿಗೆ ಹಣ ಬರಬೇಕಾದರೆ ಸ್ವಂತ ಹಾನಿಯನ್ನೂ ಸೇರಿಸಿದ ಸಮಗ್ರ ಪಾಲಿಸಿ ಇರಬೇಕು. ಟ್ರೈಲರಿಗೂ ವಿಮೆ ಮಾಡಿಸಿದೆಯೇ ಎಂಬುದನ್ನು ಬೇರೆಯಾಗಿಯೇ ನೋಡಿಕೊಳ್ಳಿರಿ.

ಅಪಘಾತವಾದೊಡನೆ

1. ಮೊದಲು ಜೀವ, ಆಮೇಲೆ ಯಂತ್ರ. ಗಾಯಗೊಂಡವರಿಗಾಗಿ 108ಕ್ಕೆ, ಪೊಲೀಸರ ನೆರವಿಗೆ 112ಕ್ಕೆ ಫೋನು ಮಾಡಿರಿ.

2. ವಾಹನ ಬಿದ್ದಿರುವಂತೆಯೇ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ನಂಬರ್ ಪ್ಲೇಟು, ಮುರಿದ ಭಾಗಗಳು, ಸುತ್ತಲ ಜಾಗ ಎಲ್ಲವೂ ಕಾಣಬೇಕು. ದಾರಿ ಕಟ್ಟಿದ್ದರೆ ಚಿತ್ರ ತೆಗೆದ ಮೇಲೆ ಪಕ್ಕಕ್ಕೆ ಎಳೆಯಬಹುದು. ಕಂಡವರ ಹೆಸರು, ಫೋನ್ ನಂಬರು ಬರೆದುಕೊಳ್ಳಿರಿ.

3. ಅದೇ ದಿನ ವಿಮಾ ಕಂಪನಿಗೆ ತಿಳಿಸಿರಿ. ಅವರ ಫೋನ್ ನಂಬರು ಪಾಲಿಸಿಯಲ್ಲಿಯೇ ಅಚ್ಚಾಗಿರುತ್ತದೆ. ಅವರು ಕೊಡುವ ಕ್ಲೇಮ್ ನಂಬರನ್ನು ಬರೆದಿಟ್ಟುಕೊಳ್ಳಿರಿ.

4. ಕಂಪನಿಯ ಸರ್ವೇಯರು ಬಂದು ನೋಡುವ ಮೊದಲು ಒಂದು ಬೋಲ್ಟನ್ನೂ ಬಿಚ್ಚಿಸಬೇಡಿ. ವರ್ಕ್‌ಶಾಪಿನಿಂದ ಖರ್ಚಿನ ಅಂದಾಜುಪಟ್ಟಿ ಪಡೆದು ಅವರಿಗೆ ತೋರಿಸಿರಿ. ಒಪ್ಪಿಗೆ ಬಂದ ಮೇಲೆ ರಿಪೇರಿ. ಹಳೆಯ ಬಿಡಿಭಾಗಗಳನ್ನೂ ಬಿಲ್ಲುಗಳನ್ನೂ ಎಸೆಯಬೇಡಿ.

ಜೊತೆಗೆ ಕೊಡತಕ್ಕ ಕಾಗದಗಳು: ಕ್ಲೇಮ್ ಅರ್ಜಿ, ಪಾಲಿಸಿ, ಆರ್‌ಸಿ, ಓಡಿಸುತ್ತಿದ್ದವರ ಲೈಸೆನ್ಸು, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಪೊಲೀಸ್ ದೂರು ಆಗಿದ್ದರೆ ಅದರ ಪ್ರತಿ.

ಬಿಲ್ಲಿನ ಪೂರ್ತಿ ಹಣ ಬರುವುದೆಂದು ಎಣಿಸಬೇಡಿ. ಸಾಮಾನ್ಯ ಪಾಲಿಸಿಯಲ್ಲಿ ಟೈರು, ರಬ್ಬರು, ಪ್ಲಾಸ್ಟಿಕ್, ಬ್ಯಾಟರಿಗಳಿಗೆ ಶೇಕಡ 50ರಷ್ಟು ಸವಕಳಿ ಕಳೆಯುತ್ತಾರೆ.

ಬೇರೆಯವರಿಗೆ ಪೆಟ್ಟಾದರೆ

ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಚಾಲಕನ ಕರ್ತವ್ಯ. ಪೊಲೀಸರಿಗೆ ಕೂಡಲೇ, ತಪ್ಪಿದರೆ 24 ಗಂಟೆಗಳೊಳಗೆ ತಿಳಿಸತಕ್ಕದ್ದು. ಕಂಪನಿಗೂ ತಿಳಿಸತಕ್ಕದ್ದು. ಊರಿನ ಕಟ್ಟೆಯ ಮೇಲೆ ಕುಳಿತು "ಇಷ್ಟು ಸಾವಿರ ಕೊಡುತ್ತೇನೆ" ಎಂದು ಕಾಗದ ಬರೆದುಕೊಡುವ ರೂಢಿ ನಮ್ಮಲ್ಲಿದೆ. ಕಂಪನಿಯ ಒಪ್ಪಿಗೆಯಿಲ್ಲದೆ ಹಾಗೆ ಬರೆದುಕೊಟ್ಟರೆ ಅದು ಪಾಲಿಸಿಯ ಷರತ್ತಿಗೆ ವಿರುದ್ಧವಾಗುತ್ತದೆ. ಹೊರೆ ನಿಮ್ಮ ತಲೆಯ ಮೇಲೆಯೇ ಉಳಿದೀತು. ಪೆಟ್ಟು ತಿಂದವರು ಪರಿಹಾರಕ್ಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಇದಕ್ಕೆ 6 ತಿಂಗಳ ಗಡುವು.

ಹಣ ತಪ್ಪುವುದೆಲ್ಲಿ?

ಲೈಸೆನ್ಸಿಲ್ಲದ ಹುಡುಗನ ಕೈಗೆ ಸ್ಟೇರಿಂಗ್ ಕೊಡುವುದು, ಕುಡಿದು ಓಡಿಸುವುದು, ಪಾಲಿಸಿಯ ಅವಧಿ ಮುಗಿದರೂ ಸುಮ್ಮನಿರುವುದು. ಇನ್ನೊಂದು ತಪ್ಪನ್ನು ನಾವು ದಿನವೂ ಕಾಣುತ್ತೇವೆ: ಬೇಸಾಯಕ್ಕೆಂದು ವಿಮೆ ಮಾಡಿಸಿದ ಟ್ರಾಕ್ಟರಿನ ಮಡ್‌ಗಾರ್ಡಿನ ಮೇಲೆಯೂ ಟ್ರೈಲರಿನಲ್ಲಿಯೂ ಜನರನ್ನು ತುಂಬಿಕೊಂಡು ಜಾತ್ರೆಗೆ, ಮದುವೆಗೆ ಹೋಗುವುದು. ಅವರಿಗೆ ಪೆಟ್ಟಾದರೆ ಕಂಪನಿ ಹೊಣೆಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಕಂಪನಿ ನ್ಯಾಯವಾದ ಹಣವನ್ನು ನಿರಾಕರಿಸಿದರೆ ಕೈಕಟ್ಟಿ ಕೂರಬೇಡಿ. ಕಾರಣವನ್ನು ಬರಹದಲ್ಲಿ ಕೇಳಿರಿ. ಕಂಪನಿಗೇ ಲಿಖಿತ ದೂರು ಕೊಡಿರಿ. ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರೆ ಫಲವಿಲ್ಲ. ಈ ರಾತ್ರಿಯೇ ಪೆಟ್ಟಿಗೆಯಿಂದ ಪಾಲಿಸಿಯನ್ನು ತೆಗೆದು ಮಕ್ಕಳ ಕೈಲಿ ಓದಿಸಿರಿ. ಬಗೆ ಯಾವುದು, ಅವಧಿ ಎಂದಿನವರೆಗೆ, ಫೋನ್ ನಂಬರು ಯಾವುದು ಎಂಬ ಮೂರನ್ನು ಗುರುತುಹಾಕಿರಿ. ತಿಳಿಯದಿದ್ದರೆ ನನ್ನ ಬಳಿಗೆ ತನ್ನಿರಿ, ಕೂಡಿ ಓದೋಣ. ಹಸು ಮಾರಿದ ಆ ಯಜಮಾನರು ಈಗ ಕಂಪನಿಯ ಫೋನ್ ನಂಬರನ್ನು ಟೂಲ್ ಬಾಕ್ಸಿನ ಮುಚ್ಚಳದ ಒಳಮೈಗೆ ಬಣ್ಣದಲ್ಲಿ ಬರೆಸಿದ್ದಾರೆ. ನೀವೂ ಬರೆಸಿರಿ.