ಕಚೇರಿಯ ಟಪಾಲು ಕಿಸೆಯ ಫೋನಿಗೆ

ವ್ಯಾಸಂಗ ಮುಗಿಸಿ ಉದ್ಯೋಗಕ್ಕೆ ಸೇರಿದವರಿಗೆ ಕಚೇರಿಯವರು ಒಂದು ಇ-ಮೇಲ್ ವಿಳಾಸವನ್ನೂ ಪಾಸ್‌ವರ್ಡನ್ನೂ ಕೊಡುತ್ತಾರೆ. ಅದನ್ನು ಮೊಬೈಲ್ ಫೋನಿನಲ್ಲಿ ಅಳವಡಿಸಲು ಹೊರಟರೆ ಫೋನು ಒಂದರ ಹಿಂದೊಂದು ಪ್ರಶ್ನೆ ಕೇಳುವುದುಂಟು: ಒಳಬರುವ ಸರ್ವರ್ ಯಾವುದು? ಹೊರಹೋಗುವ ಸರ್ವರ್ ಯಾವುದು? ಪೋರ್ಟ್ ಎಷ್ಟು? ಕೆಲವು ವೇಳೆ ಕೊನೆಯಲ್ಲಿ ಒಂದು ಉದ್ದನೆಯ ಒಪ್ಪಿಗೆಪತ್ರವೂ ಬರುತ್ತದೆ. ಬಹುಮಂದಿ ಚೀಟಿಯಲ್ಲಿರುವುದನ್ನು ತುಂಬಿ, ಒಪ್ಪಿಗೆಯನ್ನು ಓದದೆಯೇ ಒತ್ತಿ ಮುಗಿಸುತ್ತಾರೆ. ಇವುಗಳ ಅರ್ಥವೇನೆಂಬುದನ್ನು ವಿಚಾರಿಸೋಣ.

ಕಾಗದವನ್ನು ಅಂಚೆಪೆಟ್ಟಿಗೆಗೆ ಹಾಕುವುದು ಒಂದು ಕೆಲಸ. ನಮಗೆ ಬಂದ ಕಾಗದವನ್ನು ಅಂಚೆಕಚೇರಿಯಿಂದ ತರುವುದು ಬೇರೊಂದು ಕೆಲಸ. ಇ-ಮೇಲಿನಲ್ಲಿಯೂ ಹೀಗೆಯೇ. ಕಳುಹಿಸುವುದಕ್ಕೆ ಎಸ್.ಎಂ.ಟಿ.ಪಿ. ಎಂಬ ನಿಯಮಾವಳಿ ಇದೆ. ಇದು 1982ರಷ್ಟು ಹಳೆಯದು. ತರುವುದಕ್ಕೆ ಎರಡು ನಿಯಮಾವಳಿಗಳುಂಟು. ಪಾಪ್ ಎಂಬುದು ಕಾಗದಗಳನ್ನು ಫೋನಿಗೆ ಇಳಿಸಿಕೊಂಡು, ಸಾಮಾನ್ಯವಾಗಿ ಸರ್ವರಿನಿಂದ ತೆಗೆದುಹಾಕುತ್ತದೆ. 1986ರಲ್ಲಿ ಮಾರ್ಕ್ ಕ್ರಿಸ್ಪಿನ್ ಎಂಬವರು ರೂಪಿಸಿದ ಐಮ್ಯಾಪ್‌ನಲ್ಲಿಯಾದರೋ ಮೂಲವು ಸರ್ವರಿನಲ್ಲಿಯೇ ಉಳಿದು, ಫೋನಿನಲ್ಲಿ ಅದರ ಪ್ರತಿ ಮಾತ್ರ ಕಾಣುತ್ತದೆ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿಯೂ ಕಿಸೆಯ ಫೋನಿನಲ್ಲಿಯೂ ಅದೇ ಟಪಾಲನ್ನು ನೋಡಬೇಕಾದವರಿಗೆ ಐಮ್ಯಾಪೇ ಸರಿಯಾದುದು.

ಇನ್ನು ಪೋರ್ಟ್. ಒಂದೇ ಸರ್ವರಿಗೆ 65,535ರವರೆಗೆ ಸಂಖ್ಯೆ ಹಾಕಿದ ಬಾಗಿಲುಗಳಿರುವುವೆಂದು ಭಾವಿಸಿರಿ. ಗೂಢಲಿಪಿಯಲ್ಲಿ ಸಾಗುವ ಐಮ್ಯಾಪಿಗೆ 993ನೆಯ ಬಾಗಿಲು. ಕಳುಹಿಸುವುದಕ್ಕೆ 587 ಅಥವಾ 465. ನನಗೊಮ್ಮೆ ಎರಡು ದಿನ ಕಾಗದಗಳು ಬರುತ್ತಲೇ ಇದ್ದುವು, ನನ್ನ ಉತ್ತರ ಒಂದೂ ಹೊರಡಲಿಲ್ಲ. ಪಾಸ್‌ವರ್ಡನ್ನು ಹತ್ತು ಬಾರಿ ಬದಲಿಸಿ ನೋಡಿದೆ. ದೋಷವಿದ್ದುದು ಪೋರ್ಟಿನಲ್ಲಿ: 25 ಎಂದು ಬರೆದಿದ್ದೆ. ಕೇಳದ ಜಾಹೀರಾತು ಕಾಗದಗಳ ಹಾವಳಿಯನ್ನು ತಡೆಯಲು ಅನೇಕ ಇಂಟರ್‌ನೆಟ್ ಸಂಸ್ಥೆಗಳು ಆ ಬಾಗಿಲನ್ನು ಮುಚ್ಚಿರುತ್ತವೆ. ಬರುವುದು ನಡೆದು ಹೋಗುವುದು ನಿಂತರೆ ಹೊರಹೋಗುವ ಸರ್ವರಿನ ವಿವರಗಳನ್ನೇ ಮೊದಲು ಪರೀಕ್ಷಿಸಬೇಕೆಂಬುದು ಆಗ ತಿಳಿಯಿತು.

ಮೈಕ್ರೋಸಾಫ್ಟಿನ ಎಕ್ಸ್‌ಚೇಂಜ್ ಆಕ್ಟಿವ್‌ಸಿಂಕ್ ಪದ್ಧತಿಯಲ್ಲಿ ಈ ತೊಡಕಿಲ್ಲ. ಅಲ್ಲಿ ಹೋಗುವುದೂ ಬರುವುದೂ 443 ಎಂಬ ಒಂದೇ ಬಾಗಿಲಿನಿಂದ. ಕ್ಯಾಲೆಂಡರೂ ವಿಳಾಸಗಳೂ ಅದರ ಮೂಲಕವೇ ಬರುತ್ತವೆ. ಆದರೆ ಟಪಾಲಿನೊಡನೆ ಕಚೇರಿಯ ಕಟ್ಟಳೆಗಳೂ ಬರುತ್ತವೆ. ಫೋನಿಗೆ ಲಾಕ್ ಇರಬೇಕು, ಅದು ಇಂತಿಷ್ಟು ಅಂಕೆಗಳದಾಗಿರಬೇಕು ಎಂಬುದು ಒಂದು. ಇನ್ನೊಂದು, ಫೋನನ್ನು ದೂರದಿಂದಲೇ ಅಳಿಸುವ ಅಧಿಕಾರ.

ಈ ಅಧಿಕಾರವನ್ನು ಕಚೇರಿಯವರು ಕೇಳುವುದು ಅನ್ಯಾಯವಲ್ಲ. ಫೋನು ಬಸ್ಸಿನಲ್ಲಿ ಕಳೆದುಹೋದರೆ ಕಚೇರಿಯ ಗುಟ್ಟುಗಳೆಲ್ಲ ಯಾರ ಕೈಗೋ ಸಿಕ್ಕುತ್ತವೆಯಷ್ಟೆ. ಆದರೆ ಅಳಿಸುವ ಆಜ್ಞೆಯ ವ್ಯಾಪ್ತಿ ಎಲ್ಲ ಕಡೆಯೂ ಒಂದೇ ಅಲ್ಲ. ಫೋನಿನ ಆಡಳಿತಾಧಿಕಾರವನ್ನೇ ಟಪಾಲಿನ ಆಪಿಗೆ ಒಪ್ಪಿಸಿದ್ದರೆ ಆಜ್ಞೆ ಬಂದೊಡನೆ ಇಡೀ ಫೋನು ಬರಿದಾಗಬಹುದು. ಕಚೇರಿಯ ಕಾಗದಗಳೊಡನೆ ತಂಗಿಯ ಮದುವೆಯ ಚಿತ್ರಗಳೂ ಹೋಗುತ್ತವೆ. ಕಳೆದುಹೋದ ಫೋನಿಗೆ ಮಾತ್ರವಲ್ಲ, ಕೆಲಸ ಬಿಟ್ಟವರ ಫೋನಿಗೂ ಈ ಆಜ್ಞೆಯನ್ನು ಕಳುಹಿಸಲು ಸಾಧ್ಯ. ಕಚೇರಿಯ ಖಾತೆಯನ್ನು ಮಾತ್ರ ಅಳಿಸುವ ವ್ಯವಸ್ಥೆಯೂ ಉಂಟು. 2014ರಲ್ಲಿ ಹೊರಬಂದ ಆಂಡ್ರಾಯ್ಡ್ 5.0ರಿಂದ ಈಚೆಗೆ 'ವರ್ಕ್ ಪ್ರೊಫೈಲ್' ಎಂಬ ಪ್ರತ್ಯೇಕ ಕೋಣೆಯನ್ನು ಫೋನಿನೊಳಗೆ ಏರ್ಪಡಿಸಬಹುದಾಗಿದೆ. ಅದರೊಳಗಿನ ಆಪುಗಳ ಮೇಲೆ ಪುಟ್ಟ ಕೈಪೆಟ್ಟಿಗೆಯ ಗುರುತು ಇರುತ್ತದೆ; ಸ್ವಂತ ಫೋನಿನಲ್ಲಿ ಹೀಗೆ ಮಾಡಿದ್ದರೆ ಕಚೇರಿಯವರು ಆ ಕೋಣೆಯನ್ನಷ್ಟೇ ಖಾಲಿ ಮಾಡಬಲ್ಲರು. ಈ ಸೌಕರ್ಯ ಇದೆಯೇ ಎಂದು ಕಚೇರಿಯ ಕಂಪ್ಯೂಟರ್ ವಿಭಾಗದವರನ್ನು ಮೊದಲೇ ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಒಪ್ಪಿಗೆಯನ್ನು ಈಗಾಗಲೇ ಒತ್ತಿಬಿಟ್ಟವರು ಚಿತ್ರಗಳ ಪ್ರತಿಯೊಂದನ್ನು ಬೇರೆಡೆ ಇಟ್ಟುಕೊಂಡು, ಬಳಿಕ ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಡಿವೈಸ್ ಅಡ್ಮಿನ್' ಎಂದು ಹುಡುಕಲಿ. ಯಾವ ಯಾವ ಆಪಿಗೆ ಆ ಅಧಿಕಾರ ಸಂದಿದೆಯೆಂಬ ಪಟ್ಟಿ ಅಲ್ಲಿ ಕಾಣುತ್ತದೆ.